ಬೀಚಿ ಎಷ್ಟು ಜನ?

ನಮ್ಮ ಕಾಲೇಜು ಲೈಬ್ರರಿಯ ಎಕ್ಸೆಲ್ ಶೀಟನ್ನು ನಂಬಿದರೆ ಹಾಸ್ಯ ಲೇಖಕ ಬೀಚಿ ನಾಲ್ಕು ಜನ. ಒಂದು ಸಾಲಿನಲ್ಲಿ ‘ಬೀಚಿ’, ಇನ್ನೊಂದರಲ್ಲಿ ‘ರಾಯಸಂ ಭೀಮಸೇನರಾವ್’, ಮಗದೊಂದರಲ್ಲಿ ‘ಭೀಮಸೇನರಾವ್, ರಾಯಸಂ’. ನಾಲ್ಕನೆಯದು ಅವರೇ ಬರೆದುಕೊಳ್ಳುತ್ತಿದ್ದಂತೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. 1913ರಲ್ಲಿ ಇದೇ ಹರಪನಹಳ್ಳಿಯಲ್ಲಿ ಹುಟ್ಟಿದವರ ಪುಸ್ತಕಗಳು ಇಲ್ಲೇ ಒಟ್ಟಿಗೆ ಸಿಗುವುದಿಲ್ಲ. ಅವರಿದ್ದಿದ್ದರೆ ತಮ್ಮ ಹಾಸ್ಯಪಾತ್ರ ತಿಮ್ಮನಿಂದ ಏನಾದರೂ ಅನ್ನಿಸುತ್ತಿದ್ದರು.

ಸದಸ್ಯರ ವಿಳಾಸದ ಕಾಲಂ ಇನ್ನೂ ಚೆಂದ. ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹೀಗಾಗಿ ಉಚ್ಚಂಗಿದುರ್ಗದ ಒಂದೇ ಓಣಿಯವರು ನಮ್ಮ ದಾಖಲೆಯಲ್ಲಿ ಮೂರು ಜಿಲ್ಲೆಯವರು.

ಇಂಥದ್ದನ್ನು ಸರಿಪಡಿಸಲು ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶವಿದೆ. ಅದು ಹೆಸರಿನ ನಡುವಿನ ಅಲ್ಪವಿರಾಮ, ಚುಕ್ಕೆಗಳನ್ನು ಕಿತ್ತು, ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿ ಹೋಲಿಸುತ್ತದೆ. ಆಗ ‘ರಾಯಸಂ ಭೀಮಸೇನರಾವ್’ ಮತ್ತು ‘ಭೀಮಸೇನರಾವ್, ರಾಯಸಂ’ ಒಂದೇ ಗುಂಪಿಗೆ ಬೀಳುತ್ತವೆ. ಒಂದು ಮಾಡಬೇಕೋ ಬೇಡವೋ ಎಂದು ನಾವು ಹೇಳಬೇಕು. ಆದರೆ ಆ ಭೀಮಸೇನರಾಯರೇ ಬೀಚಿ ಎಂಬುದು ಅದಕ್ಕೇನು ಗೊತ್ತು? ಅದು ಗ್ರಂಥಪಾಲಕನ ಕೆಲಸ.

ಇದನ್ನು ಕಲಿಸುವ ಪಾಠಗಳು ‘ಲೈಬ್ರರಿ ಕಾರ್ಪೆಂಟ್ರಿ’ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಇತಿಹಾಸಕಾರ ಜೇಮ್ಸ್ ಬೇಕರ್ ಲಂಡನ್ನಿನಲ್ಲಿ ಆರಂಭಿಸಿದ ಈ ಕೆಲಸಕ್ಕೆ ಈಗ ಹಲವು ದೇಶಗಳ ಗ್ರಂಥಪಾಲಕರು ಕೈಜೋಡಿಸಿದ್ದಾರೆ. ತಪ್ಪು ಕಂಡವರು ತಿದ್ದುಪಡಿ ಕಳಿಸಬಹುದು. ಪಾಠ ನೋಡಿಕೊಳ್ಳುವವರು ಪರಿಶೀಲಿಸಿ ಸೇರಿಸುತ್ತಾರೆ. ಮೂಲದವರ ಹೆಸರು ಹೇಳಿದರೆ ಸಾಕು, ನಕಲು ಮಾಡಬಹುದು, ಬದಲಿಸಬಹುದು, ಕನ್ನಡಕ್ಕೂ ತರಬಹುದು.

ಬರೀ ಅನುವಾದ ಮಾಡಿದರೆ ಮಾತ್ರ ಪ್ರಯೋಜನ ಕಡಿಮೆ. ಅಲ್ಲಿನ ಓಪನ್‌ರಿಫೈನ್ ಪಾಠದ ಅಭ್ಯಾಸಕ್ಕೆ ಕೊಟ್ಟಿರುವುದು ಸಂಶೋಧನಾ ಪತ್ರಿಕೆಗಳ ಲೇಖನಗಳ ಪಟ್ಟಿ. ಪಂಚಾಯಿತಿ ಗ್ರಂಥಾಲಯದ, ಅಂದರೆ ‘ಅರಿವು ಕೇಂದ್ರ’ದ ಮೇಲ್ವಿಚಾರಕಿಗೆ ಅದರಿಂದೇನಾಗಬೇಕು? ಅವರಿಗೆ ಬೇಕಾದ್ದು ಬೀಚಿಯ ಪಾಠ, ಮೂರು ಜಿಲ್ಲೆಯ ಪಾಠ, ಹಳೇ ನುಡಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತರುವ ಪಾಠ.

ಕನ್ನಡದಲ್ಲಿ ಕೂಡಿ ಮಾಡಿದ ಅನುಭವವೂ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿದ್ದವು. ‘ಸಂಚಯ’ ತಂಡದ ‘ಸಮೂಹ ಸಂಚಯ’ದಲ್ಲಿ ಸ್ವಯಂಸೇವಕರು ಅವನ್ನು ಕನ್ನಡಕ್ಕೆ ಬರೆದುಕೊಟ್ಟರು.

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಗೆಳೆಯರೇ, ನಿಮ್ಮ ಅಕ್ಸೆಷನ್ ರಿಜಿಸ್ಟರಿನ ಅತಿ ಗೋಜಲಾದ ಒಂದು ಪುಟ ಟೈಪ್ ಮಾಡಿಡಿ. ಓದುಗರ ಹೆಸರು, ಫೋನ್ ನಂಬರು ಬೇಡ. ಪುಸ್ತಕದ ವಿವರ ಸಾಕು. ಮೊದಲ ಪಾಠ ಅದರಿಂದಲೇ ಶುರು ಮಾಡೋಣ.