ಇಂಗಾಲದ ಲೆಕ್ಕ: ಕಾರ್ಖಾನೆಯ ಗೇಟಿನ ಒಳಗೆ, ಹೊರಗೆ

ಒಂದು ಉದ್ಯಮದಿಂದ ವರ್ಷವೊಂದರಲ್ಲಿ ಎಷ್ಟು ಹಸಿರುಮನೆ ಅನಿಲ ವಾತಾವರಣಕ್ಕೆ ಸೇರಿತು ಎಂಬ ಲೆಕ್ಕವೇ ಅದರ ಇಂಗಾಲದ ಹೆಜ್ಜೆಗುರುತು. ಚಿಮಣಿಗೆ ಮೀಟರ್ ಕೂರಿಸಿ ಇದನ್ನು ಅಳೆಯುವುದು ಕಡಿಮೆ. ಹೆಚ್ಚಿನ ಕೆಲಸ ನಡೆಯುವುದು ಬಿಲ್ಲುಗಳನ್ನು ಮುಂದಿಟ್ಟುಕೊಂಡೇ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಭಾರತದ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಈ ಲೆಕ್ಕ ಸುಮಾರು 0.7 ಕಿಲೋ. ಬಳಕೆಯನ್ನು ಇಂಥ ಗುಣಕಗಳಿಂದ ಗುಣಿಸಿ ಕೂಡಿದರೆ ಮೊತ್ತ ಸಿಗುತ್ತದೆ.

ಯಾವುದನ್ನೆಲ್ಲ ಕೂಡಬೇಕು ಎಂಬುದೇ ತಕರಾರಿನ ವಿಷಯ. 2001ರಲ್ಲಿ ಹೊರಬಂದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್ ಇದಕ್ಕೆ ಮೂರು ‘ಸ್ಕೋಪ್’ಗಳನ್ನು ಗೊತ್ತುಮಾಡಿತು. ಸ್ವಂತ ಬಾಯ್ಲರ್, ಜನರೇಟರ್, ವಾಹನಗಳ ಹೊಗೆ ಮೊದಲನೆಯದು. ಕೊಂಡ ವಿದ್ಯುತ್ತಿನದು ಎರಡನೆಯದು. ಕಚ್ಚಾವಸ್ತು, ಸಾಗಣೆ, ನೌಕರರ ಓಡಾಟ, ಮಾರಿದ ವಸ್ತುವಿನ ಬಳಕೆ ಎಲ್ಲವೂ ಮೂರನೆಯದಕ್ಕೆ ಸೇರುತ್ತವೆ. ಕಾರು ತಯಾರಕರಿಗೆ ಇದೇ ಅತಿ ದೊಡ್ಡ ಪಾಲು: ಗ್ರಾಹಕ ವರ್ಷಗಟ್ಟಲೆ ಸುಡುವ ಪೆಟ್ರೋಲೂ ಅವರ ಲೆಕ್ಕಕ್ಕೇ ಬರುತ್ತದೆ. ಷೇರುಪೇಟೆಯ ಮೊದಲ 1000 ಕಂಪನಿಗಳು ಇಂಥ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಆದರೆ ಮೂರನೆಯ ಸ್ಕೋಪನ್ನು ಆ ನಮೂನೆಯಲ್ಲಿ ಕಂಪನಿಗಳ ಇಚ್ಛೆಗೆ ಬಿಟ್ಟದ್ದು ದೊಡ್ಡ ಕೊರತೆಯೇ.

ಇಳಿಸುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಸಾಫ್ಟ್‌ವೇರ್ ಕಚೇರಿಯ ಹೊರೆ ಬಹುಪಾಲು ವಿದ್ಯುತ್ತಿನದು. ಬೆಂಗಳೂರಿನ ಇನ್ಫೋಸಿಸ್ ಕಂಪನಿ ತನ್ನ ಕಟ್ಟಡಗಳ ವಿನ್ಯಾಸ, ತಂಪುಗೊಳಿಸುವ ವ್ಯವಸ್ಥೆಗಳನ್ನು ಬದಲಿಸಿ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು, ಸೌರಶಕ್ತಿಯತ್ತ ಹೊರಳಿತು. ಉಳಿದದ್ದಕ್ಕೆ ಹಳ್ಳಿಗಳ ಬಯೋಗ್ಯಾಸ್, ಸುಧಾರಿತ ಒಲೆಗಳಂಥ ಯೋಜನೆಗಳಿಗೆ ಹಣ ತೊಡಗಿಸಿ, 2020ರಲ್ಲಿ ‘ಕಾರ್ಬನ್ ನ್ಯೂಟ್ರಲ್’ ಎಂದು ಘೋಷಿಸಿಕೊಂಡಿತು.

ಸಿಮೆಂಟಿನ ಪಾಡು ಬೇರೆ. ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲವೇ ಅನಿಲವಾಗಿ ಹೊರಡುತ್ತದೆ. ಶುದ್ಧ ಸುಣ್ಣದಕಲ್ಲು 100 ಕಿಲೋ ಇದ್ದರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್. ಗೂಡಿಗೆ ಯಾವ ಇಂಧನ ಹಾಕಿದರೂ ಇದು ತಪ್ಪದು. ಹಾಗಾಗಿ ಗೂಡಿನಲ್ಲಿ ಹೀಗೆ ಸುಟ್ಟು ಪಡೆಯುವ ಕ್ಲಿಂಕರ್‌ನ ಒಂದು ಪಾಲಿಗೆ ಬದಲಾಗಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆಸುತ್ತಾರೆ.

ಇನ್ನೊಬ್ಬರ ಕಡಿತವನ್ನು ಕಾರ್ಬನ್ ಕ್ರೆಡಿಟ್ ರೂಪದಲ್ಲಿ ಕೊಳ್ಳುವುದು ಕೊನೆಯ ಮೆಟ್ಟಿಲಾಗಬೇಕು. ಅನೇಕರಿಗೆ ಅದೇ ಮೊದಲನೆಯದು, ಏಕೆಂದರೆ ಅಗ್ಗ. ಕಂಪನಿಯೊಂದು ‘ಶೂನ್ಯ ಇಂಗಾಲ’ ಎಂದು ಜಾಹೀರಾತು ಕೊಟ್ಟರೆ, ಎಷ್ಟನ್ನು ತಾನೇ ಇಳಿಸಿತು, ಎಷ್ಟನ್ನು ಕೊಂಡಿತು, ಮೂರನೆಯ ಸ್ಕೋಪ್ ಲೆಕ್ಕದಲ್ಲಿದೆಯೇ ಎಂದು ಅದರ ವಾರ್ಷಿಕ ವರದಿಯಲ್ಲಿ ಓದುಗರು ನೋಡಿಕೊಳ್ಳಬೇಕು.