13 ದಾಟಿದ ಕೋಣಕ್ಕೆ ಹೊಗೆಯ ಹದ

ಕಡಬ, ನೆಲ್ಯಾಡಿ, ಸುಳ್ಯದ ಕಡೆಯ ನಮ್ಮಂಥ ರಬ್ಬರ್ ಬೆಳೆಗಾರರಿಗೆ ಹೊಗೆ ಹೊಸದಲ್ಲ. ನಮ್ಮ ಅಂಗಳದಂಚಿಗೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆ ಇದೆ; ಅಪ್ಪಚ್ಚನ್ ಕೇರಳದಿಂದ ಬಂದು ಕಟ್ಟಿಸಿದ್ದು. ಒಲೆಯ ಮೇಲಿನ ಅಟ್ಟದಲ್ಲಿ ಕುಡಂಪುಳಿ ಕಪ್ಪಾಗುತ್ತಿರುತ್ತದೆ. ಆದರೂ ಈಸ್ಟರ್‌ಗೆ ಮಾಂಸದ ದೊಡ್ಡ ತುಂಡನ್ನು ಹೊಗೆಯಲ್ಲೇ ಬೇಯಿಸುವವರು ಕಡಿಮೆ. 50 ದಿನದ ನೋಂಬು ಮುಗಿದಾಗ ತೆಂಗಿನ ಹೋಳು ಹಾಕಿದ ಬೀಫ್ ಫ್ರೈಯೇ ಮೇಜಿಗೆ ಬರುವುದು. ಅದು ನನಗೂ ಇಷ್ಟವೇ. ಆದರೆ ನಮ್ಮಲ್ಲಿ ಸಿಗುವ ಮಾಂಸಕ್ಕೆ ಹೊಗೆಯಷ್ಟು ಒಪ್ಪುವ ಅಡುಗೆ ಇನ್ನೊಂದಿಲ್ಲ.

ರಾಜ್ಯದ 2020ರ ಜಾನುವಾರು ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಪಡೆದು, ಕಡಿಯಬಹುದು. ಹಾಗಾಗಿ ಪರವಾನಗಿ ಇರುವ ಅಂಗಡಿಯಿಂದ ನಾನು ತರುವುದು ಮುದಿ ಕೋಣದ ಮುಂಗಾಲಿನ ಮೇಲ್ಭಾಗ, ಸುಮಾರು 3 ಕಿಲೋ. ಬಣ್ಣ ಗಾಢ, ಕೊಬ್ಬು ಕಡಿಮೆ, ನಾರು ಗಟ್ಟಿ. ಪ್ರಾಣಿಗೆ ವಯಸ್ಸಾದಷ್ಟೂ ಮಾಂಸದೊಳಗಿನ ಕೊಲಾಜೆನ್ ಬಿಗಿಯುತ್ತದೆ. ಒಳಗಿನ ಬಿಸಿ ನಿಧಾನವಾಗಿ 90 ಡಿಗ್ರಿ ದಾಟಿದರೆ ಅದೇ ಕೊಲಾಜೆನ್ ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ. ಕುಕ್ಕರ್ ಬೇಗ ಮುಗಿಸೀತು, ಆದರೆ ರಸವೆಲ್ಲ ನೀರಿಗೆ ಹೋಗುತ್ತದೆ.

ರಬ್ಬರ್ ಹೊಗೆಮನೆಯಲ್ಲೇ ತೂಗುಹಾಕಬಾರದೇ ಎಂದು ನೆಂಟರು ಕೇಳುತ್ತಾರೆ. ಬೇಡವೇ ಬೇಡ. ಅಲ್ಲಿ ಬಿಸಿ 60 ಡಿಗ್ರಿಯ ಆಸುಪಾಸು. ಶೀಟು ಒಣಗಲು ಅದು ಸಾಕು, ಮಾಂಸ ಬೇಯಲು ಸಾಲದು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಭರದಿಂದ ಬೆಳೆಯುತ್ತವೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕಿದ ಫಾರ್ಮಿಕ್ ಆಮ್ಲದ ವಾಸನೆ ಬೇರೆ. ಮಾಂಸಕ್ಕೆಂದೇ ಒಂದು ಕಬ್ಬಿಣದ ಡ್ರಮ್ಮು ಇರಲಿ. ರಾಸಾಯನಿಕ ತುಂಬಿದ್ದ ಡ್ರಮ್ಮನ್ನಂತೂ ಮುಟ್ಟಬೇಡಿ. ಒಳಗೆ 110ರಿಂದ 120 ಡಿಗ್ರಿ ಬಿಸಿ ನಿಲ್ಲಬೇಕು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೊಳ್ಳಿ. ಕೈಯಂದಾಜನ್ನು ಈ ಕೆಲಸದಲ್ಲಿ ನಂಬಲಾಗದು.

ಹಿಂದಿನ ರಾತ್ರಿ 60 ಗ್ರಾಂ ಉಪ್ಪು, ತರಿಯಾಗಿ ಕುಟ್ಟಿದ ಕರಿಮೆಣಸು, ಬೆಳ್ಳುಳ್ಳಿ ಸವರಿ ಫ್ರಿಜ್ಜಿನಲ್ಲಿಡುತ್ತೇನೆ. ಮಸಾಲೆ ಅಷ್ಟೇ ಸಾಕು. ಕೆಂಡಕ್ಕೆ ತೆಂಗಿನ ಗೆರಟೆ, ಹೊಗೆಗೆ ಒಣಗಿದ ಕಾಫಿ ಕೊಂಬೆ ಅಥವಾ ಪೇರಳೆ ಕಟ್ಟಿಗೆ. ಗೇರುಬೀಜದ ಸಿಪ್ಪೆ ಹಾಕಲೇಬಾರದು, ಅದರ ಎಣ್ಣೆಯ ಹೊಗೆ ಕಣ್ಣು ಗಂಟಲು ಸುಡುತ್ತದೆ. ಕಟ್ಟಿಗೆ ಹಸಿಯಿದ್ದರೆ ದಟ್ಟ ಬಿಳಿ ಹೊಗೆ ಎದ್ದು ಮಾಂಸ ಕಹಿಯಾಗುತ್ತದೆ. ನಮಗೆ ಬೇಕಾದದ್ದು ಕಂಡೂ ಕಾಣದಂಥ ತೆಳು ನೀಲಿ ಹೊಗೆ.

ಶನಿವಾರ ಮಧ್ಯಾಹ್ನ 12ಕ್ಕೆ ಇಟ್ಟರೆ ಸಂಜೆಯ ಹೊತ್ತಿಗೆ ಒಳಗಿನ ಬಿಸಿ 70 ಡಿಗ್ರಿಯ ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತದೆ. ಎಷ್ಟೋ ಜನ ಇಲ್ಲೇ ತಾಳ್ಮೆಗೆಟ್ಟು ಬೆಂಕಿ ಹೆಚ್ಚಿಸಿ ಮಾಂಸ ಒಣಗಿಸುವುದು. ಮೈ ಬೆವರಿದಾಗ ತಣ್ಣಗಾಗುವಂತೆ ಮಾಂಸದ ಮೇಲಿನ ನೀರು ಆರುತ್ತಾ ಬಿಸಿಯನ್ನು ತಡೆಯುತ್ತಿರುತ್ತದೆ, ಅಷ್ಟೇ. ಆಗ ತೆಂಗಿನೆಣ್ಣೆ ಸವರಿ, ಬಾಡಿಸಿದ ಬಾಳೆಲೆಯಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ಮತ್ತೆ ಒಳಗಿಡಿ. ಆವಿ ಹೊರಹೋಗದೆ ಬಿಸಿ ಮೇಲೇರುತ್ತದೆ.

ರಾತ್ರಿ 9ರ ಹೊತ್ತಿಗೆ 93 ಡಿಗ್ರಿ ಮುಟ್ಟಿ, ಚುಚ್ಚಿದ ಕಡ್ಡಿ ಸಲೀಸಾಗಿ ಇಳಿದರೆ ಎಲೆಸಮೇತ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಚರ್ಚಿಗೆ ಹೊರಡುತ್ತೇವೆ. ಪೂಜೆ ಮುಗಿಸಿ ಬಂದ ಮೇಲೂ ಬಿಸಿಯಿರುತ್ತದೆ. ನಾರಿಗೆ ಅಡ್ಡವಾಗಿ, ತೆಳ್ಳಗೆ ಕೊಯ್ಯಬೇಕು. ಅಂಚಿನಲ್ಲಿ ಹೊಗೆ ಬರೆದ ಗುಲಾಬಿ ಗೆರೆ ಕಂಡು ಬೆಂದಿಲ್ಲವೆಂದು ಹೆದರಬೇಡಿ. ಜೊತೆಗೆ ಒರೊಟ್ಟಿ, ವಿನೆಗರಿನಲ್ಲಿ ನೆನೆದ ಈರುಳ್ಳಿ.