ಟಿ.ವಿ. ನುಂಗುವ ಅಂಚು ಮತ್ತು ಡಿ.ವಿ.ಡಿ. ಪ್ಲೇಯರ್

ಟಿ.ವಿ.ಯಲ್ಲಿ ಸುದ್ದಿ ನೋಡುವಾಗ ತೆರೆಯ ಮೂಲೆಯಲ್ಲಿರುವ ವಾಹಿನಿಯ ಲಾಂಛನವನ್ನು ಒಮ್ಮೆ ಗಮನಿಸಿ. ಅದು ಮೂಲೆಗೆ ಅಂಟಿಕೊಂಡಿರುವುದಿಲ್ಲ. ಅಂಚಿನಿಂದ ಸಾಕಷ್ಟು ಜಾಗ ಬಿಟ್ಟು ಒಳಗೆ ಕುಳಿತಿರುತ್ತದೆ. ಕೆಳಗೆ ಓಡುವ ಸುದ್ದಿಯ ಸಾಲೂ ಹಾಗೆಯೇ. ಇದನ್ನು ಅಂದಕ್ಕಾಗಿ ಮಾಡಿದ್ದಾರೆಂದು ತಿಳಿಯಬೇಡಿ. ಕೇಂದ್ರದಿಂದ ಹೊರಟ ಚಿತ್ರವನ್ನು ಟಿ.ವಿ. ಪೂರ್ತಿಯಾಗಿ ತೋರಿಸುವುದಿಲ್ಲ; ನಾಲ್ಕೂ ಕಡೆ ಒಂದಿಷ್ಟು ಭಾಗವನ್ನು ತನ್ನ ಚೌಕಟ್ಟಿನ ಹಿಂದೆ ಅಡಗಿಸಿಕೊಳ್ಳುತ್ತದೆ. ಕಾರ್ಯಕ್ರಮ ತಯಾರಿಸುವವರಿಗೆ ಇದು ಮೊದಲಿನಿಂದಲೂ ಗೊತ್ತು. ನೋಡುವವರಿಗೆ ಗೊತ್ತಿರುವುದು ಕಡಿಮೆ. ತಂತ್ರಜ್ಞರು ಇದನ್ನು ಓವರ್‌ಸ್ಕ್ಯಾನ್ ಎನ್ನುತ್ತಾರೆ. ಗಾಜಿನ ತೆರೆಗಿಂತ ದೊಡ್ಡದಾಗಿ ಚಿತ್ರವನ್ನು ಬರೆಯುವುದು ಎಂದು ಇದರ ಅರ್ಥ.

ಸಿನಿಮಾ ನೋಡುವವರಿಗೆ ಇದರಿಂದ ನಷ್ಟವಿಲ್ಲ. ನಾಯಕನ ಮೊಣಕೈ ಕಾಣದಿದ್ದರೆ ಕಥೆ ನಿಲ್ಲುವುದಿಲ್ಲ. ಆದರೆ ಪಾಠದ ಚಿತ್ರದಲ್ಲಿ ಅಂಚು ಬಹಳ ಮುಖ್ಯ. ನಕಾಶೆಯ ಅಳತೆಪಟ್ಟಿ ಇರುವುದು ಅಂಚಿನಲ್ಲಿ. ನಕ್ಷೆಯ ಅಕ್ಷಗಳೂ ಅವುಗಳ ಅಂಕಿಗಳೂ ಇರುವುದು ಅಂಚಿನಲ್ಲಿ.

ಕಮಲಾಪುರದ ಬಳಿಯ ಒಂದು ಪ್ರೌಢಶಾಲೆಯಲ್ಲಿ ಇದೇ ತೊಂದರೆ ಎದುರಾಗಿತ್ತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರವನ್ನು ನೀವು ಅಲ್ಲಿನ ಕೆಂಪು ಬಾಳೆಹಣ್ಣಿನಿಂದ ಬಲ್ಲಿರಿ. ಆ ಶಾಲೆಯಲ್ಲಿ 21 ಇಂಚಿನ ಹಳೆಯ ಟಿ.ವಿ., ಒಂದು ಡಿ.ವಿ.ಡಿ. ಪ್ಲೇಯರ್ ಮತ್ತು ವಿಜ್ಞಾನ ಪಾಠಗಳ ಕೆಲವು ತಟ್ಟೆಗಳಿದ್ದವು. ಮಂಜುಗಡ್ಡೆಯನ್ನು ಕಾಯಿಸುತ್ತ ಹೋದಾಗ ಉಷ್ಣತೆ ಹೇಗೆ ಏರುತ್ತದೆ ಎಂಬ ಪಾಠ ನಡೆದಿತ್ತು. ಲಂಬ ಅಕ್ಷದಲ್ಲಿ ಉಷ್ಣತೆ, ಅಡ್ಡ ಅಕ್ಷದಲ್ಲಿ ಕಾಲ. ಮಂಜು ಕರಗುವಷ್ಟು ಹೊತ್ತು ಉಷ್ಣತೆ ಏರದೆ ರೇಖೆ ಮಟ್ಟವಾಗಿ ನಿಲ್ಲುತ್ತದೆ. ಎಷ್ಟು ನಿಮಿಷ ನಿಂತಿತು ಎಂಬುದರಿಂದಲೇ ಗುಪ್ತೋಷ್ಣವನ್ನು ಲೆಕ್ಕ ಹಾಕಬೇಕು. ಆ ನಿಮಿಷಗಳ ಅಂಕಿಗಳೇ ತೆರೆಯ ಮೇಲೆ ಇರಲಿಲ್ಲ. "ಸರ, ಕೆಳಗಿನ ಅಂಕಿ ಕಾಣವಲ್ವ್ರಿ" ಎಂದು ಹುಡುಗಿಯೊಬ್ಬಳು ಎದ್ದು ಹೇಳಿದಳು. ಉಳಿದವರು ಕಂಡಷ್ಟನ್ನೇ ಬರೆದುಕೊಂಡಿದ್ದರು. ಅವರ ಪುಸ್ತಕಗಳಲ್ಲಿ ಅಡ್ಡ ಅಕ್ಷವೇ ಇಲ್ಲದ ನಕ್ಷೆಗಳಿದ್ದವು. ತಟ್ಟೆ ಕೆಟ್ಟಿದೆ ಎಂದು ಶಿಕ್ಷಕಿ ಭಾವಿಸಿದ್ದರು. ತಟ್ಟೆಯಲ್ಲಿ ಯಾವ ದೋಷವೂ ಇರಲಿಲ್ಲ.

ಚಿತ್ರವನ್ನು ದೊಡ್ಡದಾಗಿ ಬರೆಯುವುದೇಕೆ?

ಹಳೆಯ ಟಿ.ವಿ.ಯ ಚಿತ್ರ ಕೊಳವೆಯಲ್ಲಿ ಎಲೆಕ್ಟ್ರಾನ್‌ಗಳ ದೂಲವೊಂದು ತೆರೆಯ ಮೇಲೆ ಸಾಲು ಸಾಲಾಗಿ ಓಡಿ ಚಿತ್ರ ಬರೆಯುತ್ತದೆ. ದೂಲಕ್ಕೆ ವೇಗ ಕೊಡುವುದು 20ರಿಂದ 25 ಸಾವಿರ ವೋಲ್ಟ್‌ಗಳಷ್ಟು ಉನ್ನತ ವಿಭವ. ಅದನ್ನು ಅತ್ತಿತ್ತ ಬಾಗಿಸುವುದು ಕೊಳವೆಯ ಕುತ್ತಿಗೆಗೆ ಸುತ್ತಿದ ಸುರುಳಿಗಳ ಕಾಂತಕ್ಷೇತ್ರ. ವೇಗ ಹೆಚ್ಚಿದಷ್ಟೂ ಎಲೆಕ್ಟ್ರಾನ್ ಬಾಗುವುದು ಕಡಿಮೆ. ವೇಗವು ವಿಭವದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಬಾಗುವಿಕೆಯು ಕಾಂತಕ್ಷೇತ್ರಕ್ಕೆ ನೇರ ಅನುಪಾತದಲ್ಲಿಯೂ ವಿಭವದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಈಗ ಒಂದು ಪ್ರಕಾಶಮಾನವಾದ ದೃಶ್ಯ ಬಂತೆನ್ನಿ. ದೂಲದಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚುತ್ತದೆ, ವಿದ್ಯುತ್ ಪ್ರವಾಹ ಏರುತ್ತದೆ, ಅದರ ಹೊರೆಗೆ ಉನ್ನತ ವಿಭವ ಕುಸಿಯುತ್ತದೆ. 25 ಸಾವಿರ ವೋಲ್ಟ್ 24 ಸಾವಿರಕ್ಕೆ ಇಳಿದರೆ ಚಿತ್ರವು 25/24ರ ವರ್ಗಮೂಲದಷ್ಟು, ಅಂದರೆ ಶೇಕಡ 2ರಷ್ಟು ಹಿಗ್ಗುತ್ತದೆ. ಕತ್ತಲೆಯ ದೃಶ್ಯ ಬಂದರೆ ಮತ್ತೆ ಕುಗ್ಗುತ್ತದೆ. ಹಳೆಯ ಟಿ.ವಿ.ಗಳಲ್ಲಿ ಚಿತ್ರ ಉಸಿರಾಡುವಂತೆ ಕಾಣುತ್ತಿದ್ದುದು ಇದರಿಂದಲೇ. ಚಿತ್ರವನ್ನು ತೆರೆಯ ಅಳತೆಗೆ ಸರಿಯಾಗಿ ಹೊಂದಿಸಿಟ್ಟರೆ ಕುಗ್ಗಿದಾಗಲೆಲ್ಲ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ. ಇದರ ಮೇಲೆ ಬಿಡಿಭಾಗಗಳು ಹಳತಾಗುವುದು, ಕೊಳವೆಯಿಂದ ಕೊಳವೆಗೆ ಇರುವ ಸಣ್ಣ ವ್ಯತ್ಯಾಸ, ಮೊದಲಿನ ಕೊಳವೆಗಳ ದುಂಡನೆಯ ಮೂಲೆಗಳು. ಇವೆಲ್ಲಕ್ಕೂ ತಯಾರಕರು ಕಂಡುಕೊಂಡ ಒಂದೇ ಪರಿಹಾರವೆಂದರೆ ಚಿತ್ರವನ್ನು ತುಸು ದೊಡ್ಡದಾಗಿಯೇ ಬರೆದುಬಿಡುವುದು.

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವನ್ನೂ ಸೇರಿಸಿಕೊಳ್ಳಬೇಕು. ಟಿ.ವಿ. ಇಲ್ಲಿ ಮೊದಲು ಬಂದದ್ದು ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದಿಂದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಇಳಿದವು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು. ತಂತಿಬಲೆಯಿಂದ ಮಾಡಿದ 3 ಮೀಟರ್ ವ್ಯಾಸದ ಆಂಟೆನಾ, ಅದರ ಮುಂದೆ ಊರಿಗೊಂದು ಟಿ.ವಿ. ಪೆಟ್ಟಿಗೆ. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ! (ಗುಲ್ಬರ್ಗ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು.) ಹಳ್ಳಿಯ ವಿದ್ಯುತ್ತಿನಲ್ಲಿ 230 ವೋಲ್ಟ್ ಎಂಬುದು ಕಾಗದದ ಮೇಲಿನ ಅಂಕಿ, ಸಂಜೆ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದಾಗ ಅದು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಸ್ಟೆಬಿಲೈಸರ್ ಮಾರುವವರನ್ನು ಕೇಳಬೇಕು. ಅಂಥ ಕಡೆ ಚಿತ್ರಕ್ಕೆ ದೊಡ್ಡ ಅಂಚು ಬಿಟ್ಟುಕೊಂಡದ್ದು ಬುದ್ಧಿವಂತಿಕೆಯೇ ಸರಿ.

ಹಾಗಾಗಿ ಕಾರ್ಯಕ್ರಮ ತಯಾರಿಸುವವರು ಒಂದು ನಿಯಮವನ್ನು ಪಾಲಿಸಿದರು. ಮುಖ್ಯವಾದ ಚಲನೆಯೆಲ್ಲ ಚಿತ್ರದ ನಡುವಿನ ಶೇಕಡ 90ರೊಳಗೆ, ಅಕ್ಷರಗಳೆಲ್ಲ ಶೇಕಡ 80ರೊಳಗೆ ಇರಬೇಕು. ಕ್ಯಾಮೆರಾದ ಇಣುಕುಗಾಜಿನಲ್ಲಿ ಇದಕ್ಕಾಗಿ ಗೆರೆಗಳನ್ನೇ ಹಾಕಿರುತ್ತಾರೆ. ಪಾಠದ ತಟ್ಟೆಗಳನ್ನು ಗಣಕದ ಮುಂದೆ ಕುಳಿತು ತಯಾರಿಸಿದವರಲ್ಲಿ ಹಲವರಿಗೆ ಈ ನಿಯಮ ತಿಳಿದಿರಲಿಲ್ಲ. ಗಣಕದ ತೆರೆ ಅಂಚಿನವರೆಗೂ ಎಲ್ಲವನ್ನೂ ತೋರಿಸುತ್ತದೆಯಲ್ಲ!

ಎಷ್ಟು ಮರೆಯಾಗಿದೆ? ಅಳೆಯೋಣ

ಸರಿಪಡಿಸುವ ಮೊದಲು ಅಳೆಯಬೇಕು. 720 ಪಿಕ್ಸೆಲ್ ಅಗಲ, 576 ಪಿಕ್ಸೆಲ್ ಎತ್ತರದ ಒಂದು ಚಿತ್ರವನ್ನು ಗಣಕದಲ್ಲಿ ಬರೆಯಿರಿ. ನಮ್ಮ ದೇಶದ ಪಾಲ್ ಪದ್ಧತಿಯ ಡಿ.ವಿ.ಡಿ. ಚಿತ್ರದ ಅಳತೆ ಅದೇ. ನಾಲ್ಕೂ ಅಂಚುಗಳಿಂದ ಒಳಮುಖವಾಗಿ ಶೇಕಡ 1, 2, 3 ಎಂದು ಶೇಕಡ 10ರವರೆಗೆ ಗೆರೆಗಳನ್ನು ಎಳೆದು ಪಕ್ಕದಲ್ಲಿ ಅಂಕಿ ಬರೆಯಿರಿ. ಅದನ್ನು ತಟ್ಟೆಗೆ ಹಾಕಿ ಟಿ.ವಿ.ಯಲ್ಲಿ ತೋರಿಸಿ. ತೆರೆಯ ತೀರ ಅಂಚಿಗೆ ತಾಗಿದಂತೆ ಯಾವ ಗೆರೆ ಕಾಣುತ್ತದೋ ಅದರ ಅಂಕಿಯೇ ಆ ಕಡೆ ನುಂಗಿಹೋದ ಭಾಗ. ಇದಕ್ಕಿಂತ ಅಗ್ಗದ ಪ್ರಯೋಗ ಭೌತಶಾಸ್ತ್ರದಲ್ಲಿ ಸಿಗಲಾರದು, ಮಕ್ಕಳಿಂದಲೇ ಮಾಡಿಸಬಹುದು.

ಕಮಲಾಪುರದ ಆ ಟಿ.ವಿ.ಯಲ್ಲಿ ಸಿಕ್ಕ ಅಳತೆಗಳು ಇವು: ಎಡಕ್ಕೆ 3, ಬಲಕ್ಕೆ 6, ಮೇಲೆ 4, ಕೆಳಗೆ 7. ನಾಲ್ಕೂ ಬೇರೆ ಬೇರೆ ಎಂಬುದನ್ನು ಗಮನಿಸಿ. ಚಿತ್ರ ದೊಡ್ಡದಾಗಿರುವುದಷ್ಟೇ ಅಲ್ಲ, ಬಲಕ್ಕೂ ಕೆಳಕ್ಕೂ ಸರಿದಿದೆ ಕೂಡ.

ಪ್ಲೇಯರ್ ಮಾಡುವ ಗಣಿತ

ಟಿ.ವಿ. ಚಿತ್ರವನ್ನು ಹಿಗ್ಗಿಸುತ್ತದೆ ಎಂದಾದರೆ ನಾವು ಮೊದಲೇ ಅಷ್ಟು ಕುಗ್ಗಿಸಿ ಕಳಿಸಿದರಾಯಿತು. ಉಪಾಯ ಇಷ್ಟೇ. ಡಿ.ವಿ.ಡಿ. ಪ್ಲೇಯರಿನೊಳಗಿನ ಚಿಪ್ ಇದನ್ನು ಮಾಡಬಲ್ಲದು. ಕುಗ್ಗಿದ ಚಿತ್ರದ ಸುತ್ತ ಅದು ಕಪ್ಪು ಪಟ್ಟಿ ತುಂಬುತ್ತದೆ, ಆ ಕಪ್ಪು ಪಟ್ಟಿಯನ್ನು ಟಿ.ವಿ. ತನ್ನ ಚೌಕಟ್ಟಿನ ಹಿಂದೆ ನುಂಗಿಕೊಳ್ಳುತ್ತದೆ.

ಎಷ್ಟು ಕುಗ್ಗಿಸಬೇಕು? ನಮ್ಮ ಉದಾಹರಣೆಯಲ್ಲಿ ಕಾಣುವ ಅಗಲ ಶೇಕಡ 91, ಕಾಣುವ ಎತ್ತರ ಶೇಕಡ 89. ಚಿತ್ರದ ಆಕಾರ ಕೆಡಬಾರದಾದರೆ ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣ ಬೇಕು. ಆದ್ದರಿಂದ ಚಿಕ್ಕದಾದ 0.89ನ್ನು ಹಿಡಿಯಬೇಕು. ಅದರೊಡನೆ ಚಿತ್ರವನ್ನು ಎಡಕ್ಕೂ ಮೇಲಕ್ಕೂ ಶೇಕಡ ಒಂದೂವರೆಯಷ್ಟು ಸರಿಸಬೇಕು. ಬಹಳಷ್ಟು ಪ್ಲೇಯರುಗಳಲ್ಲಿ ಸರಿಸುವ ಸೌಲಭ್ಯ ಇರುವುದಿಲ್ಲ. ಅವು ನಡುವನ್ನು ನಡುವಿನಲ್ಲೇ ಇಟ್ಟು ಕುಗ್ಗಿಸುತ್ತವೆ. ಆಗ ಎಲ್ಲಕ್ಕಿಂತ ಹೆಚ್ಚು ನುಂಗಿದ ಬದಿಗೆ, ಅಂದರೆ ಕೆಳಗಿನ 7ಕ್ಕೆ, ತಕ್ಕಂತೆ ಎರಡೂ ಬದಿ ಬಿಟ್ಟುಕೊಡಬೇಕಾಗುತ್ತದೆ: 100ರಲ್ಲಿ 14 ಕಳೆದು 0.86. ಚಿತ್ರ 619 ಪಿಕ್ಸೆಲ್ ಅಗಲ, 495 ಪಿಕ್ಸೆಲ್ ಎತ್ತರಕ್ಕೆ ಇಳಿಯುತ್ತದೆ. ತೆರೆಯ ಎಡಗಡೆ ಸುಮಾರು 1.8 ಸೆಂ.ಮೀ. ಕಪ್ಪು ಪಟ್ಟಿ ಉಳಿಯುತ್ತದೆ. ಅಂಕಿ ಕಾಣುವುದಾದರೆ ಆ ಪಟ್ಟಿಯ ಬಗ್ಗೆ ಯಾರೂ ದೂರುವುದಿಲ್ಲ.

ಇನ್ನು ಕುಗ್ಗಿಸುವ ಕೆಲಸ. ಹೊಸ ಚಿತ್ರದ 10ನೆಯ ಪಿಕ್ಸೆಲ್‌ಗೆ ಬಣ್ಣ ಎಲ್ಲಿಂದ ಬರಬೇಕು? 10ನ್ನು 0.86ರಿಂದ ಭಾಗಿಸಿದರೆ 11.63. ಹಳೆಯ ಚಿತ್ರದಲ್ಲಿ 11.63ನೆಯ ಪಿಕ್ಸೆಲ್ ಎಂಬುದಿಲ್ಲ. ಆದ್ದರಿಂದ 11ನೆಯದರಿಂದ ಶೇಕಡ 37, 12ನೆಯದರಿಂದ ಶೇಕಡ 63 ಪಾಲು ತೆಗೆದುಕೊಂಡು ಸರಾಸರಿ ಮಾಡುತ್ತಾರೆ. 11ನೆಯದರ ಹೊಳಪು 40, 12ನೆಯದರದು 200 ಆಗಿದ್ದರೆ ಹೊಸದರ ಹೊಳಪು 141. ಚೂಪಾಗಿದ್ದ ಅಂಚು ತುಸು ಮೆತ್ತಗಾಯಿತು. ಒಳ್ಳೆಯ ಚಿಪ್‌ಗಳು ಅಕ್ಕಪಕ್ಕದ ಇನ್ನೂ ಹಲವು ಪಿಕ್ಸೆಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಈ ಮಸುಕನ್ನು ಕಡಿಮೆ ಮಾಡುತ್ತವೆ.

ಲಂಬ ದಿಕ್ಕಿನಲ್ಲಿ ಕೆಲಸ ಇನ್ನೂ ಕಠಿಣ. ಪಾಲ್ ಪದ್ಧತಿಯಲ್ಲಿ ಬೆಸ ಸಾಲುಗಳ ಅರ್ಧ ಚಿತ್ರವೊಂದು, ಸಮ ಸಾಲುಗಳ ಅರ್ಧ ಚಿತ್ರವೊಂದು ಸೆಕೆಂಡಿನ 50ನೆಯ ಒಂದು ಭಾಗದ ಅಂತರದಲ್ಲಿ ಬರುತ್ತವೆ. ಆ ಅಂತರದಲ್ಲಿ ಕೈ ಬೀಸಿದವನ ಕೈ ಮುಂದೆ ಸಾಗಿರುತ್ತದೆ. ಇದನ್ನು ಲೆಕ್ಕಿಸದೆ ಎರಡರ ಸಾಲುಗಳನ್ನೂ ಬೆರೆಸಿ ಸರಾಸರಿ ಮಾಡಿದರೆ ಚಲಿಸುವ ವಸ್ತುಗಳ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಅಗ್ಗದ ಪ್ಲೇಯರುಗಳಲ್ಲಿ ಇದನ್ನು ಕಾಣಬಹುದು. ನಿಂತ ನಕ್ಷೆಗೆ ಈ ಬಾಧೆಯಿಲ್ಲ. ಆದರೆ ಒಂದೇ ಸಾಲಿನಷ್ಟು ತೆಳ್ಳಗಿನ ಅಡ್ಡಗೆರೆ ಯಾವ ಚಿತ್ರದಲ್ಲಿದ್ದರೂ ಮಿನುಗುತ್ತದೆ.

ಒಟ್ಟು ಪಿಕ್ಸೆಲ್‌ಗಳ ಲೆಕ್ಕದಲ್ಲಿ 0.86ರ ವರ್ಗ 0.74, ಅಂದರೆ ಕಾಲು ಭಾಗ ಕಡಿಮೆಯಾಯಿತು. ನಷ್ಟ ದೊಡ್ಡದೆನಿಸಬಹುದು. ಆದರೆ ಕೊಳವೆಯ ಟಿ.ವಿ.ಯಲ್ಲಿ ಆ ಅಂಚಿನ ಸಾಲುಗಳು ಹೇಗೂ ಕಾಣುತ್ತಿರಲಿಲ್ಲ. ಕಾಣುವ ಸಾಲುಗಳಲ್ಲೇ ಈಗ ಇಡೀ ಚಿತ್ರ ಕುಳಿತಿದೆ. ಪಾಠಕ್ಕೆ ಇದು ಲಾಭದ ವ್ಯವಹಾರ ಎಂದೇ ನನ್ನ ಅಭಿಪ್ರಾಯ.

ಗುಂಡಿ ಒತ್ತುವ ಮುನ್ನ

ರಿಮೋಟಿನಲ್ಲಿ ‘ಜೂಮ್’ ಎಂಬ ಗುಂಡಿ ಇದ್ದಮಾತ್ರಕ್ಕೆ ಕೆಲಸವಾಗದು. ಬಹಳಷ್ಟು ಪ್ಲೇಯರುಗಳಲ್ಲಿ ಅದನ್ನು ಒತ್ತುತ್ತ ಹೋದರೆ 2, 3, 4 ಪಟ್ಟು ಹಿಗ್ಗಿ ನಂತರ ಅರ್ಧ, ಮೂರನೆಯ ಒಂದು, ಕಾಲು ಎಂದು ಕುಗ್ಗುತ್ತದೆ. ಅರ್ಧ ಎಂದರೆ ತೆರೆಯ ಕಾಲು ಭಾಗದ ಪುಟ್ಟ ಚಿತ್ರ. ಹಿಂದಿನ ಬೆಂಚಿನವರಿಗೆ ಅದು ಇದ್ದೂ ಇಲ್ಲದಂತೆ. ಕಮಲಾಪುರದ ಪ್ಲೇಯರ್ ಈ ಜಾತಿಯದೇ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಹುಡುಕಿದಾಗ ಸಣ್ಣ ಸಣ್ಣ ಹಂತಗಳಲ್ಲಿ ಕುಗ್ಗಿಸುವ ಇನ್ನೊಂದು ಪ್ಲೇಯರ್ ಸಿಕ್ಕಿತು. ಅದನ್ನು ಒಯ್ದು ಜೋಡಿಸಿದ ಮೇಲೆ ನಿಮಿಷದ ಅಂಕಿಗಳು ಕೆಳಗಿನ ಅಂಚಿಗೆ ತಾಗಿದಂತೆ ಮೂಡಿದವು. ನೀವು ಹಳೆಯ ಪ್ಲೇಯರ್ ಕೊಳ್ಳುವುದಾದರೆ ಅಂಗಡಿಯಲ್ಲೇ ಈ ಹಂತಗಳನ್ನು ಪರೀಕ್ಷಿಸಿ.

ಟಿ.ವಿ.ಯ ಹಿಂಬದಿ ಬಿಚ್ಚಿ ಚಿತ್ರವನ್ನೇ ಚಿಕ್ಕದು ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಪ್ಲಗ್ ಕಿತ್ತ ಮೇಲೂ ಚಿತ್ರ ಕೊಳವೆ ಸಾವಿರಾರು ವೋಲ್ಟ್‌ಗಳ ಆವೇಶವನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ. ನುರಿತ ತಂತ್ರಜ್ಞರೇ ಮಾಡಿದರೂ ವೋಲ್ಟೇಜ್ ಏರುಪೇರಾದಾಗ ಕಪ್ಪು ಅಂಚು ಮತ್ತೆ ಇಣುಕಬಹುದು.

ಚಪ್ಪಟೆ ಟಿ.ವಿ.ಗಳಲ್ಲಿ ದೂಲವೂ ಇಲ್ಲ, ಉನ್ನತ ವಿಭವವೂ ಇಲ್ಲ. ಓವರ್‌ಸ್ಕ್ಯಾನ್ ಮಾತ್ರ ಉಳಿದುಕೊಂಡಿದೆ! ಹಳೆಯ ಅನಲಾಗ್ ಪ್ರಸಾರದ ಮೇಲಂಚಿನಲ್ಲಿ ಮಿನುಗುವ ಸಂಕೇತಗಳನ್ನು ಮರೆಮಾಡಲು ಅದು ಬೇಕಾಗಿತ್ತು. ದೂರದರ್ಶನವು 2022ರ ವೇಳೆಗೆ ಅನಲಾಗ್ ಭೂಪ್ರಸಾರವನ್ನು ಬಹುಪಾಲು ಕೈಬಿಟ್ಟಿತು, ಆದರೆ ತಯಾರಕರು ಈ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ. 1920×1080ರ ಚಿತ್ರ ಬಂದರೆ ಇಂಥ ಟಿ.ವಿ. ನಡುವಿನ 1824×1026ನ್ನು ಕತ್ತರಿಸಿಕೊಂಡು ಮತ್ತೆ ತೆರೆಯ ತುಂಬ ಹಿಗ್ಗಿಸುತ್ತದೆ. ಇಲ್ಲಿ ಪ್ಲೇಯರಿನಲ್ಲಿ ಕುಗ್ಗಿಸುವುದು ಕೊನೆಯ ಉಪಾಯವಾಗಬೇಕು. ಒಮ್ಮೆ ಕುಗ್ಗಿಸಿ ಮತ್ತೊಮ್ಮೆ ಹಿಗ್ಗಿಸಿದರೆ ಸರಾಸರಿಯ ಮಸುಕು ಎರಡು ಸಲ ಕೂಡಿಕೊಂಡು ಸಣ್ಣ ಅಕ್ಷರಗಳು ಓದಲಾಗದಂತಾಗುತ್ತವೆ. ಮೊದಲು ಟಿ.ವಿ.ಯ ಚಿತ್ರದ ಅಳತೆಯ ಪಟ್ಟಿಯನ್ನು ನೋಡಿ. ಎಲ್.ಜಿ.ಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಶಾರ್ಪ್‌ನಲ್ಲಿ ‘ಡಾಟ್ ಬೈ ಡಾಟ್’ ಎಂಬ ಹೆಸರುಗಳಿಂದ ಕತ್ತರಿಸದೆ ತೋರಿಸುವ ಆಯ್ಕೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಹೆಸರು ಬೇರೆಯಿರಬಹುದು. ಹೊಸ ಪೆನ್‌ಡ್ರೈವ್, ಲ್ಯಾಪ್‌ಟಾಪ್, ಸೆಟ್‌ಟಾಪ್ ಪೆಟ್ಟಿಗೆಗಳಿಗೂ ಇದೇ ಕ್ರಮ: ಮೊದಲು ಟಿ.ವಿ., ಅದರಲ್ಲಿ ಆಗದಿದ್ದರೆ ಮಾತ್ರ ಚಿತ್ರ ಕಳಿಸುವ ಸಾಧನ. ಬೇರೆ ಸಾಧನ ಜೋಡಿಸಿದಾಗ ಅಥವಾ ಇನ್ನೊಂದು ಎಚ್.ಡಿ.ಎಂ.ಐ. ಕಿಂಡಿಗೆ ಬದಲಿಸಿದಾಗ ಈ ಆಯ್ಕೆ ಮೊದಲಿನ ಸ್ಥಿತಿಗೆ ಮರಳಿರಬಹುದು. ಗೆರೆಗಳ ಆ ಪರೀಕ್ಷಾ ಚಿತ್ರವನ್ನು ಪೆನ್‌ಡ್ರೈವಿನಲ್ಲಿಯೂ ಒಂದು ಪ್ರತಿ ಇಟ್ಟುಕೊಂಡಿದ್ದು ಪಾಠ ಆರಂಭಿಸುವ ಮುನ್ನ ತೋರಿಸಿ ನೋಡಿ. ಅರ್ಧ ನಿಮಿಷದ ಕೆಲಸ.